ಬೇನೆ ಹಬ್ಬುವ ಲೆಕ್ಕ, ಬೇನೆ ತಡೆಯುವ ಲೆಕ್ಕ

ಮುಂಗಾರು ಬಿತ್ತನೆಗೆ ಭೂಮಿ ಹದಕ್ಕೆ ಬಂದ ಹೊತ್ತಿನಲ್ಲಿ ಎತ್ತಿನ ಬಾಯಿಂದ ಜೊಲ್ಲು ಸುರಿಯತೊಡಗಿ, ಗೊರಸಿನ ಸಂದಿನಲ್ಲಿ ಹುಣ್ಣು ಕಾಣಿಸಿಕೊಂಡರೆ ಆ ಮನೆಯವರ ಪಾಡು ಏನಾಗುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ಒಕ್ಕಲಿಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕಾಲುಬಾಯಿ ಬೇನೆಯಿಂದ ದೊಡ್ಡ ದನ ಸಾಯುವುದು ಕಡಿಮೆ. ಆದರೆ ಎತ್ತು ಕೂರಿಗೆಗೆ ಹೆಗಲು ಕೊಡುವುದಿಲ್ಲ, ಆಕಳು ಹಾಲು ಇಳಿಸುತ್ತದೆ, ಬೇನೆಬಿದ್ದ ತಾಯಿಯ ಹಾಲು ಕುಡಿದ ಎಳೆಗರು ಹೃದಯಕ್ಕೆ ಪೆಟ್ಟು ಬಿದ್ದು ಒಮ್ಮೆಲೇ ಸತ್ತುಬೀಳುವುದೂ ಉಂಟು. ಬೇನೆ ವಾಸಿಯಾದ ಮೇಲೂ ಎಷ್ಟೋ ದನಗಳು ಬಿಸಿಲಿಗೆ ಏದುಸಿರು ಬಿಡುತ್ತ ಮೊದಲಿನ ಕಸುವಿಗೆ ಬರುವುದಿಲ್ಲ.

ಇಂಥ ಬೇನೆ ಒಂದು ಊರಿನಲ್ಲಿ ಮನೆಮನೆಗೂ ಹಬ್ಬುತ್ತದೆ, ಪಕ್ಕದ ಊರಿನಲ್ಲಿ ಎರಡು ಹಟ್ಟಿಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಅದೃಷ್ಟ ಎನ್ನುವವರು ಬಹಳ. ಆದರೆ ಇದರ ಹಿಂದೆ ಒಂದು ಲೆಕ್ಕವಿದೆ. ಸಾಂಕ್ರಾಮಿಕ ರೋಗ ಹರಡುವ ರೀತಿಯನ್ನು ಗಣಿತದಿಂದ ಅಳೆಯುವ ಈ ವಿದ್ಯೆ ಈಗ ವೈದ್ಯಶಾಸ್ತ್ರದ ದೊಡ್ಡ ಅಂಗವಾಗಿದೆ. ಅದರ ತಿರುಳು ಕೂಡಿಸುವುದು, ಗುಣಿಸುವುದು ಬಲ್ಲ ಯಾವ ರೈತನಿಗೂ ಅರ್ಥವಾಗುವಂಥದು. ಲಸಿಕೆ ಹಾಕುವವರು ಊರಿಗೆ ಬಂದ ದಿನ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ನೇರವಾದ ಉತ್ತರವೂ ಇದೆ.

ಒಂದಕ್ಕೆ ನಾಲ್ಕು

ಭಾಲ್ಕಿ ತಾಲೂಕಿನ ಸಾಯಗಾಂವ ಹೋಬಳಿಯಲ್ಲಿ 400 ದನಗಳಿರುವ ಒಂದು ಸಣ್ಣ ಊರು ಇದೆಯೆಂದು ಇಟ್ಟುಕೊಳ್ಳೋಣ. ಯಾವ ದನಕ್ಕೂ ಲಸಿಕೆ ಆಗಿಲ್ಲ. ಸಂತೆಯಿಂದ ತಂದ ಒಂದು ಹೋರಿಯಲ್ಲಿ ಬೇನೆ ಇತ್ತು. ಅದು ಗುಣವಾಗುವುದರೊಳಗೆ ಸರಾಸರಿ ನಾಲ್ಕು ದನಗಳಿಗೆ ಬೇನೆಯನ್ನು ದಾಟಿಸುತ್ತದೆ ಎನ್ನೋಣ. ಆ ನಾಲ್ಕು ಮತ್ತೆ ತಲಾ ನಾಲ್ಕಕ್ಕೆ ದಾಟಿಸಿದರೆ 16, ಅವು 64ಕ್ಕೆ, ಅವು 256ಕ್ಕೆ. ಒಂದು ಸುತ್ತಿಗೆ ಒಂದು ವಾರ ಹಿಡಿದರೂ ತಿಂಗಳೊಪ್ಪತ್ತಿನಲ್ಲಿ ಊರು ಮುಗಿಯಿತು. ನಿಜಕ್ಕೂ ಕೊನೆಯ ಸುತ್ತುಗಳಲ್ಲಿ ವೇಗ ಕುಗ್ಗುತ್ತದೆ, ಏಕೆಂದರೆ ಬೇನೆ ತಗಲದ ದನಗಳೇ ಉಳಿದಿರುವುದಿಲ್ಲ. ಅಷ್ಟು ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ.

ಒಂದು ರೋಗಿಯಿಂದ ಸರಾಸರಿ ಎಷ್ಟಕ್ಕೆ ರೋಗ ದಾಟುತ್ತದೆ ಎಂಬ ಸಂಖ್ಯೆಯನ್ನು ಇಲ್ಲಿ ‘ಹಬ್ಬುವ ಅಂಕಿ’ ಎಂದು ಕರೆಯೋಣ. 2020ರ ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ಓದಿದ ‘ಆರ್’ ಎಂಬ ಅಕ್ಷರ ಇದೇ. ಈ ಅಂಕಿ ಮೂರು ಸಂಗತಿಗಳ ಗುಣಲಬ್ಧ. ರೋಗಿ ದನ ಎಷ್ಟು ದಿನ ರೋಗ ಹರಡುತ್ತದೆ, ದಿನಕ್ಕೆ ಎಷ್ಟು ದನಗಳ ಸಂಪರ್ಕಕ್ಕೆ ಬರುತ್ತದೆ, ಒಂದು ಸಂಪರ್ಕದಲ್ಲಿ ರೋಗ ತಗಲುವ ಸಂಭವ ಎಷ್ಟು ಎಂಬುವೇ ಆ ಮೂರು. ಯಾವುದಾದರೂ ಒಂದನ್ನು ಅರ್ಧಕ್ಕಿಳಿಸಿದರೆ ಇಡೀ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಬೇನೆಯ ದನವನ್ನು ಬೇರೆ ಕಟ್ಟುವುದು, ಗೋದಲೆ ತೊಳೆಯುವುದು, ಬೇಗ ವೈದ್ಯರಿಗೆ ತಿಳಿಸುವುದು, ಇವೆಲ್ಲ ಆ ಗುಣಾಕಾರದ ಒಂದೊಂದು ಸಂಖ್ಯೆಯನ್ನು ಕುಗ್ಗಿಸುವ ಕೆಲಸಗಳೇ.

ಅಂಕಿ ಒಂದಕ್ಕಿಂತ ಹೆಚ್ಚಿದ್ದರೆ ಬೇನೆ ಬೆಳೆಯುತ್ತದೆ, ಕಡಿಮೆಯಿದ್ದರೆ ಆರಿಹೋಗುತ್ತದೆ. ಊರಿಗೆ ಬೇನೆ ಬರುವುದನ್ನು ಪೂರ್ತಿಯಾಗಿ ತಪ್ಪಿಸಲು ಆಗದಿರಬಹುದು. ಬಂದ ಬೇನೆಯನ್ನು ಒಂದಕ್ಕಿಂತ ಕೆಳಗಿನ ಅಂಕಿಯಲ್ಲಿ ಹಿಡಿದಿಡುವುದು ಊರಿನ ಕೈಯಲ್ಲಿದೆ.

ದನಗಳ ಬೇನೆಯಿಂದ ಬೆಳೆದ ವಿದ್ಯೆ

ಈ ವಿದ್ಯೆಯ ಮೊದಮೊದಲ ಪರೀಕ್ಷೆಗಳಲ್ಲಿ ಒಂದು ನಡೆದದ್ದು ದನಗಳ ಬೇನೆಯ ಮೇಲೆಯೇ. 1865ರಲ್ಲಿ ಇಂಗ್ಲೆಂಡಿಗೆ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಹೊಕ್ಕಿತು. ನಾಲ್ಕು ನಾಲ್ಕು ವಾರಗಳಿಗೊಮ್ಮೆ ಎಣಿಸಿದಾಗ ಬೇನೆಬಿದ್ದ ದನಗಳ ಸಂಖ್ಯೆ 9,597ರಿಂದ 18,817ಕ್ಕೆ, ಆಮೇಲೆ 33,835ಕ್ಕೆ, 1866ರ ಜನವರಿ ಕೊನೆಯ ಹೊತ್ತಿಗೆ 47,191ಕ್ಕೆ ಏರಿತು. ದೇಶದ ದನಕರುಗಳೆಲ್ಲ ನಾಶವಾಗುತ್ತವೆಂದು ಪಾರ್ಲಿಮೆಂಟಿನಲ್ಲಿ ಕೂಗೆದ್ದಿತು.

ಜನನ ಮರಣಗಳ ಅಂಕಿಸಂಖ್ಯೆ ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ ಎಂಬ ವೈದ್ಯರು ಇವೇ ಅಂಕಿಗಳನ್ನು ಬೇರೆ ಕಣ್ಣಿನಿಂದ ನೋಡಿದರು. ಸಂಖ್ಯೆ ಏರುತ್ತಿದೆ, ನಿಜ. ಆದರೆ ಮೊದಲ ಸಲ ಅದು ಹತ್ತಿರಹತ್ತಿರ ಎರಡು ಪಟ್ಟು ಆಗಿತ್ತು, ಎರಡನೆಯ ಸಲ ಸುಮಾರು 1.8 ಪಟ್ಟು, ಮೂರನೆಯ ಸಲ 1.4 ಪಟ್ಟು ಮಾತ್ರ. ಏರುವ ವೇಗ ಕುಗ್ಗುತ್ತಿರುವುದರಿಂದ ಬೇನೆ ಬೇಗನೆ ಶಿಖರ ಮುಟ್ಟಿ ಇಳಿಯುತ್ತದೆಂದು ಅವರು 1866ರ ಫೆಬ್ರುವರಿಯಲ್ಲಿ ಲಂಡನ್ನಿನ ಒಂದು ದಿನಪತ್ರಿಕೆಗೆ ಬರೆದರು. ಓದಿದ ಹಲವರು ನಂಬಲಿಲ್ಲ. ಅವರು ಎಣಿಸಿದ್ದಕ್ಕಿಂತ ತುಸು ತಡವಾಗಿಯಾದರೂ ಬೇನೆ ಇಳಿಯಿತು. ಅದೇ ಫೆಬ್ರುವರಿಯಲ್ಲಿ ಬಂದ ಕಾಯಿದೆ ಬೇನೆಬಿದ್ದ ದನಗಳನ್ನು ಕೊಲ್ಲಿಸಿ, ದನ ಸಾಗಾಟಕ್ಕೆ ತಡೆ ಹಾಕಿದ್ದೂ ಇದಕ್ಕೆ ನೆರವಾಯಿತೆಂಬುದನ್ನು ಮರೆಯಬಾರದು. ರೋಗದ ಅಂಕಿಗಳನ್ನು ಕ್ರಮವಾಗಿ ಬರೆದಿಟ್ಟರೆ ಮುಂದಿನ ದಾರಿ ಕಾಣಬಹುದೆಂಬುದು ಅಂದಿನಿಂದ ಗಟ್ಟಿಯಾಯಿತು.

ಸಿಕಂದರಾಬಾದ್ ಮತ್ತು ಮುಂಬಯಿ

ಮುಂದಿನ ಹೆಜ್ಜೆಗೆ ನಾವು ದೂರ ಹೋಗಬೇಕಾಗಿಲ್ಲ. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದೇ ಸಂಸ್ಥಾನದ ಸಿಕಂದರಾಬಾದ್ ದಂಡಿನಲ್ಲಿ 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಎಲ್ಲರಿಗೂ ಗೊತ್ತು. ಅವರು ಅಷ್ಟಕ್ಕೇ ನಿಲ್ಲದೆ ಮಲೇರಿಯಾ ಹಬ್ಬುವ ಬಗೆಯನ್ನು ಸಮೀಕರಣಗಳಲ್ಲಿ ಬರೆದದ್ದು ಅಷ್ಟಾಗಿ ತಿಳಿದಿಲ್ಲ. ಸೊಳ್ಳೆಯನ್ನು ಪೂರ್ತಿ ನಿರ್ಮೂಲ ಮಾಡುವುದು ಸಾಧ್ಯವೇ ಇಲ್ಲ, ಆದ್ದರಿಂದ ಮಲೇರಿಯಾ ಹೋಗುವುದಿಲ್ಲ ಎಂದು ಆಗ ಹಲವರ ವಾದ. ಪೂರ್ತಿ ನಿರ್ಮೂಲ ಬೇಕಾಗಿಲ್ಲ, ಸೊಳ್ಳೆಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು, ಜ್ವರ ತಾನೇ ಆರಿಹೋಗುತ್ತದೆ ಎಂದು ರಾಸ್ ಲೆಕ್ಕ ಹಾಕಿ ತೋರಿಸಿದರು. ಮೇಲೆ ಹೇಳಿದ ‘ಒಂದಕ್ಕಿಂತ ಕಡಿಮೆ’ ಎಂಬ ಮಾತಿನ ಬೇರು ಇಲ್ಲಿದೆ.

ರಾಸ್ ಅವರ ಜೊತೆಗೆ ಕೆಲಸ ಮಾಡಿದ್ದ ಎ. ಜಿ. ಮೆಕೆಂಡ್ರಿಕ್ ಎಂಬ ವೈದ್ಯರು ಭಾರತದ ವೈದ್ಯಕೀಯ ಸೇವೆಯಲ್ಲಿದ್ದು ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವರು. ಸ್ಕಾಟ್ಲೆಂಡಿಗೆ ಮರಳಿದ ಮೇಲೆ ಅವರು, ಪ್ರಯೋಗಶಾಲೆಯ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನ ವಿಜ್ಞಾನಿ ಡಬ್ಲ್ಯು. ಓ. ಕೆರ್ಮ್ಯಾಕ್ ಅವರೊಡನೆ ಸೇರಿ 1927ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಂದಿಗೂ ಜಗತ್ತಿನ ಎಲ್ಲ ಕಡೆ ರೋಗದ ಲೆಕ್ಕಕ್ಕೆ ಅದೇ ತಳಹದಿ. ತಮ್ಮ ಸೂತ್ರ ಸರಿಯೇ ಎಂದು ನೋಡಲು ಅವರು ಆರಿಸಿಕೊಂಡದ್ದು ಮುಂಬಯಿಯಲ್ಲಿ 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ನಡೆದ ಪ್ಲೇಗಿನ ವಾರವಾರದ ಸಾವಿನ ಅಂಕಿಗಳನ್ನು. ಸೂತ್ರದಿಂದ ಬಂದ ಗೆರೆಯೂ ನಿಜದ ಅಂಕಿಗಳೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿದವು.

ಅವರು ಊರನ್ನು ಮೂರು ಗುಂಪು ಮಾಡಿದರು. ರೋಗ ಇನ್ನೂ ತಗಲದವರು, ಈಗ ರೋಗವಿರುವವರು, ರೋಗ ಮುಗಿಸಿದವರು. ಮೊದಲ ಗುಂಪಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಜನ ಸರಿಯುತ್ತ ಹೋಗುವ ವೇಗವನ್ನು ಬರೆದರು. ಅದರಿಂದ ಹೊರಟ ಒಂದು ತೀರ್ಮಾನ ನಮಗೆ ಬೇಕಾದದ್ದು. ಬೇನೆ ನಿಲ್ಲುವುದು ಅದರ ಶಕ್ತಿ ಉಡುಗಿದ್ದರಿಂದ ಅಲ್ಲ, ಎಲ್ಲರಿಗೂ ತಗಲಿ ಮುಗಿದದ್ದರಿಂದಲೂ ಅಲ್ಲ. ತಗಲಬಹುದಾದವರು ಅಲ್ಲೊಬ್ಬರು ಇಲ್ಲೊಬ್ಬರು ಎನ್ನುವಷ್ಟು ವಿರಳವಾದಾಗ ಅದಕ್ಕೆ ಮುಂದಿನ ಮನೆ ಸಿಗುವುದಿಲ್ಲ. ಹಬ್ಬುವ ಅಂಕಿ 2 ಇರುವ ರೋಗವನ್ನು ಅದರ ಪಾಡಿಗೆ ಬಿಟ್ಟರೆ ನೂರರಲ್ಲಿ ಸುಮಾರು 80ಕ್ಕೆ ತಗಲಿ ನಿಲ್ಲುತ್ತದೆ, 20 ಉಳಿಯುತ್ತವೆ. ಉಳಿದ 20ಕ್ಕೆ ವಿಶೇಷ ಬಲವೇನೂ ಇಲ್ಲ. ಸುತ್ತಲಿನ 80 ಬೇನೆ ಅನುಭವಿಸಿ ಬೇಲಿಯಾದದ್ದರಿಂದ ಅವು ಉಳಿದವು. ಲಸಿಕೆಯ ಕೆಲಸ ಬೇನೆ ಬಾರದೆಯೇ ಆ ಬೇಲಿಯನ್ನು ಕಟ್ಟುವುದು.

ಎಷ್ಟು ದನಕ್ಕೆ ಸೂಜಿ?

ಈಗ ನಮ್ಮ 400 ದನದ ಊರಿಗೆ ಮರಳೋಣ. ಒಂದರಿಂದ ನಾಲ್ಕಕ್ಕೆ ಬೇನೆ ದಾಟುತ್ತದೆ ಎಂದೆವಷ್ಟೆ. ಆ ನಾಲ್ಕರಲ್ಲಿ ಮೂರಕ್ಕೆ ರಕ್ಷಣೆ ಇದ್ದರೆ ಒಂದಕ್ಕೆ ಮಾತ್ರ ತಗಲುತ್ತದೆ. ಒಂದರಿಂದ ಒಂದು, ಮತ್ತೆ ಒಂದು, ಬೇನೆ ಬೆಳೆಯುವುದಿಲ್ಲ. ಅಂದರೆ 400ರಲ್ಲಿ ಮುಕ್ಕಾಲು ಪಾಲು, 300 ದನಗಳಿಗೆ, ಗಟ್ಟಿಯಾದ ರಕ್ಷಣೆ ಬೇಕು. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಬೇನೆ ಆರಿಹೋಗುತ್ತದೆ.

ಹಾಗಾದರೆ 300 ದನಕ್ಕೆ ಸೂಜಿ ಹಾಕಿಸಿದರೆ ಸಾಕೇ? ಸಾಲದು. ಸೂಜಿ ಹಾಕಿದ ಎಲ್ಲ ದನಗಳಲ್ಲೂ ಒಂದೇ ಮಟ್ಟದ ರಕ್ಷಣೆ ಹುಟ್ಟುವುದಿಲ್ಲ. ಬಡಕಲು ದನ, ಹೊಟ್ಟೆಯಲ್ಲಿ ಜಂತು ತುಂಬಿದ ದನ, ಲಸಿಕೆ ದಾರಿಯಲ್ಲಿ ಬಿಸಿಯೇರಿ ಕೆಟ್ಟದ್ದು, ಹೀಗೆ ಕಾರಣಗಳು ಅನೇಕ. ನೂರರಲ್ಲಿ 80ಕ್ಕೆ ಫಲಿಸಿತು ಎಂದಿಟ್ಟುಕೊಂಡರೆ, 300 ದನಗಳಿಗೆ ರಕ್ಷಣೆ ಬರಲು 375 ದನಗಳಿಗೆ ಸೂಜಿ ಬೀಳಬೇಕು. ಬಿಟ್ಟುಹೋಗಬಹುದಾದದ್ದು ಇಡೀ ಊರಿಗೆ 25 ಮಾತ್ರ. ‘ನಮ್ಮ ನಾಲ್ಕು ದನ ಬಿಟ್ಟರೆ ಏನಾದೀತು’ ಎಂದು ಆರೇಳು ಮನೆಯವರು ಅಂದುಕೊಂಡರೆ ಆ 25 ಮುಗಿದುಹೋಯಿತು.

ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಎಂಬ ಹಿಂಜರಿಕೆ ಹಾಲಿನ ದನ ಸಾಕುವವರಲ್ಲಿ ಇದೆ. ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗುವುದು, ಸೂಜಿ ಚುಚ್ಚಿದ ಜಾಗ ಊದುವುದು, ಸಣ್ಣ ಜ್ವರ ಬರುವುದು ಸುಳ್ಳಲ್ಲ. ಬೇನೆಯೇ ಬಂದರೆ ಹೋಗುವ ಹಾಲಿನ ಮುಂದೆ ಅದು ಏನೂ ಅಲ್ಲ. ತುಂಬು ಗಬ್ಬದ ದನಗಳ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ಕರುಗಳು ಬಂದಾಗ ಲೆಕ್ಕ ಬದಲಾಗುತ್ತದೆ

ಒಮ್ಮೆ ಕಟ್ಟಿದ ಬೇಲಿ ಹಾಗೆಯೇ ನಿಲ್ಲುವುದಿಲ್ಲ. ಆರು ತಿಂಗಳಲ್ಲಿ ನಮ್ಮ ಊರಿನಲ್ಲಿ 40 ಕರುಗಳು ಹುಟ್ಟಿ, ಅಷ್ಟೇ ದೊಡ್ಡ ದನಗಳು ಮಾರಾಟವಾದವು ಎನ್ನೋಣ. ಹೋದ 40ರಲ್ಲಿ 30ಕ್ಕೆ ರಕ್ಷಣೆ ಇತ್ತು. ಬಂದ ಕರುಗಳಿಗೆ ಗಿಣ್ಣದ ಹಾಲಿನಿಂದ ತಾಯಿಯ ರಕ್ಷಣೆ ಕೆಲವು ತಿಂಗಳು ಇದ್ದು ಆಮೇಲೆ ಇಳಿದುಹೋಗುತ್ತದೆ. ಆಗ ರಕ್ಷಣೆಯಿರುವ ದನ 300ರಿಂದ 270ಕ್ಕೆ ಬಂತು. ಹಬ್ಬುವ ಅಂಕಿ ಒಂದರಿಂದ 1.3ಕ್ಕೆ ಏರಿತು. ಊರಿನಲ್ಲಿ ಯಾರೂ ತಪ್ಪು ಮಾಡಲಿಲ್ಲ, ಆದರೂ ಬೇನೆಗೆ ದಾರಿ ತೆರೆಯಿತು. ಇದರ ಮೇಲೆ, ಹಾಕಿಸಿದ ಲಸಿಕೆಯ ಬಲವೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ ಎಂದು ಹೇಳುವುದು ಇದೇ ಕಾರಣಕ್ಕೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸೂಜಿ, ತಿಂಗಳ ನಂತರ ಇನ್ನೊಂದು, ಆಮೇಲೆ ಎಲ್ಲ ದನಗಳ ಜೊತೆಗೆ ಆರು ತಿಂಗಳಿಗೊಮ್ಮೆ.

ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ದನದ ಕಿವಿಗೆ ಹಾಕುವ 12 ಅಂಕಿಗಳ ಓಲೆಯನ್ನು ಕೆಲವರು ಸಾಲದ ಗುರುತು, ವಿಮೆಯ ಗುರುತು ಎಂದಷ್ಟೇ ತಿಳಿದಿದ್ದಾರೆ. ಯಾವ ದನಕ್ಕೆ ಯಾವಾಗ ಸೂಜಿ ಬಿತ್ತು, ಊರಿನಲ್ಲಿ ನೂರಕ್ಕೆ ಎಷ್ಟು ಪಾಲು ಮುಗಿಯಿತು ಎಂಬ ಲೆಕ್ಕ ಇಡಲು ಆ ಓಲೆಯೇ ಆಧಾರ.

ಸಂತೆಯ ದಾರಿ

ಊರೊಳಗಿನ ಲೆಕ್ಕ ಇಷ್ಟಾಯಿತು. ಊರಿಂದ ಊರಿಗೆ ಬೇನೆ ಹಾರುವುದು ಬಹುತೇಕ ದನ ಸಾಗಿಸುವ ವಾಹನಗಳಲ್ಲಿ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಬೇನೆ ಎದ್ದಾಗ ಆದದ್ದು ಇದೇ. ಕುರಿಗಳಲ್ಲಿ ಈ ಬೇನೆಯ ಲಕ್ಷಣ ಸಾಮಾನ್ಯವಾಗಿ ಕಣ್ಣಿಗೆ ಬೀಳದಷ್ಟು ಸೌಮ್ಯ. ಬೇನೆ ತಗಲಿದ ಕುರಿಗಳು ಹೆಕ್ಸಮ್ ಎಂಬ ಊರಿನ ಸಂತೆಯಲ್ಲಿ ಮಾರಾಟವಾಗಿ ದೇಶದ ನಾನಾ ಕಡೆಗೆ ಹೋದವು. ಫೆಬ್ರುವರಿ 20ರಂದು ಬೇನೆ ಖಚಿತವಾಗುವ ಹೊತ್ತಿಗೆ ಅದು ಆಗಲೇ ಹತ್ತಾರು ಹಿಡುವಳಿಗಳಲ್ಲಿ ಇತ್ತು. ಕೊನೆಗೆ 2,026 ಹಿಡುವಳಿಗಳಲ್ಲಿ ಬೇನೆ ಕಂಡಿತು, 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಗಣಿತಜ್ಞರ ಲೆಕ್ಕದ ಆಧಾರದ ಮೇಲೆ ಬೇನೆಯ ಹಿಡುವಳಿಯ ಪಕ್ಕದ ಹಿಡುವಳಿಗಳಲ್ಲೂ ಪ್ರಾಣಿಗಳನ್ನು ಕೊಂದರು. ಅದು ಅಗತ್ಯವಿತ್ತೇ, ಲೆಕ್ಕ ಅತಿಯಾಯಿತೇ ಎಂಬ ವಾದ ಪಶುವೈದ್ಯರ ನಡುವೆ ಬಹಳ ಕಾಲ ನಡೆಯಿತು. ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಕೊಟ್ಟ ಅಂಕಿ ಮತ್ತು ಹಿಡಿದ ಊಹೆ ಸರಿಯಿದ್ದಷ್ಟೇ ಅದು ಸರಿ. ಈ ಎಚ್ಚರ ನಮಗೂ ಇರಬೇಕು. ಮೇಲಿನ ‘ಒಂದಕ್ಕೆ ನಾಲ್ಕು’ ಕೂಡ ತಿಳಿವಳಿಕೆಗಾಗಿ ಇಟ್ಟುಕೊಂಡ ಅಂಕಿ. ದನಗಳ ದಟ್ಟಣೆ, ಮೇಯಿಸುವ ರೀತಿ, ವೈರಸ್ಸಿನ ಜಾತಿಗಳಿಗೆ ತಕ್ಕಂತೆ ಅದು ಊರೂರಿಗೆ ಬೇರೆಯಾಗುತ್ತದೆ.

ಬೀದರ್ ಜಿಲ್ಲೆ ಒಂದು ಕಡೆ ಮಹಾರಾಷ್ಟ್ರಕ್ಕೆ, ಇನ್ನೊಂದು ಕಡೆ ತೆಲಂಗಾಣಕ್ಕೆ ಅಂಟಿಕೊಂಡಿದೆ. ಸಾಯಗಾಂವದ ಸೀಮೆಯಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ನಮ್ಮ ದೇವಣಿ ತಳಿಯ ಹೆಸರೇ ಲಾತೂರ್ ಜಿಲ್ಲೆಯ ದೇವಣಿ ಊರಿನದು. ವಾನೇರಾ, ಬಾಲಂಕ್ಯಾ, ಶೇವೇರಾ ಎಂದು ಮೈಬಣ್ಣ ನೋಡಿ ಆರಿಸುವ ಆ ದನಗಳ ವ್ಯಾಪಾರಕ್ಕೆ ರಾಜ್ಯದ ಗಡಿಯಿಲ್ಲ. ಬೇನೆಗೂ ಇಲ್ಲ. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡ ಚರ್ಮಗಂಟು ರೋಗ 2022ರ ಹೊತ್ತಿಗೆ ದೇಶದ ಬಹುಭಾಗವನ್ನು ವ್ಯಾಪಿಸಿ ಕರ್ನಾಟಕದಲ್ಲೂ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ಒಯ್ಯುವ ನೊಣ, ಸೊಳ್ಳೆ, ಉಣ್ಣೆಗಳ ಜೊತೆಗೆ ಲಾರಿ, ಟೆಂಪೋಗಳೂ ಸೇರಿದ್ದವು.

ಎರಡು ತಿಂಗಳು ಮೊದಲೇ ಎಚ್ಚರಿಕೆ

ಈ ವಿದ್ಯೆಯನ್ನು ಜಾನುವಾರುಗಳಿಗೆ ಅನ್ವಯಿಸುವ ದೇಶದ ಮುಖ್ಯ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆಯನ್ನು ಚಿಕ್ಕದಾಗಿ ‘ನಿವೇದಿ’ ಎನ್ನುತ್ತಾರೆ. 1987ರಲ್ಲಿ ರೋಗ ಸಮೀಕ್ಷೆಯ ಯೋಜನೆಯಾಗಿ ಆರಂಭವಾದ ಇದು 2013ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಹಿಂದಿನ ವರ್ಷಗಳಲ್ಲಿ ಯಾವ ಜಿಲ್ಲೆಯಲ್ಲಿ ಯಾವ ತಿಂಗಳು ಯಾವ ರೋಗ ಕಂಡಿತ್ತು ಎಂಬ ದಾಖಲೆಗೆ ಮಳೆ, ಉಷ್ಣತೆ, ಗಾಳಿಯ ತೇವ, ಹಸಿರು ಹೊದಿಕೆ, ದನಗಳ ಸಂಖ್ಯೆಯನ್ನು ಸೇರಿಸಿ, ಮುಂದೆ ಯಾವ ಜಿಲ್ಲೆಗೆ ಯಾವ ರೋಗದ ಅಪಾಯ ಹೆಚ್ಚು ಎಂದು ಎರಡು ತಿಂಗಳು ಮೊದಲೇ ಅದು ತಿಂಗಳು ತಿಂಗಳೂ ತಿಳಿಸುತ್ತದೆ. ಗಳಲೆ ರೋಗ, ಚಪ್ಪೆ ರೋಗ, ಕುರಿಗಳ ನೀಲಿನಾಲಿಗೆ ರೋಗಗಳಂತೆ ಮಳೆಯೊಡನೆ ನಂಟಿರುವ ಬೇನೆಗಳಿಗೆ ಇದು ಬಹಳ ಉಪಯುಕ್ತ. ಲಸಿಕೆ ತರಿಸಲು, ಹಾಕಲು, ದನದ ಮೈಯಲ್ಲಿ ಅದು ಫಲಿಸಲು ಅಷ್ಟು ಸಮಯ ಬೇಕೇ ಬೇಕು.

ಆದರೆ ಈ ಎಚ್ಚರಿಕೆಗೆ ಮೂಲ ಊರಿನ ವರದಿ. ಬೇನೆ ಬಂದದ್ದನ್ನು ಮುಚ್ಚಿಟ್ಟು ದನವನ್ನು ಅಗ್ಗಕ್ಕೆ ಮಾರಿ ಕೈತೊಳೆದುಕೊಂಡರೆ ಆ ಊರು ಲೆಕ್ಕದ ಪುಸ್ತಕದಲ್ಲಿ ‘ಬೇನೆ ಇಲ್ಲ’ ಎಂದೇ ಸೇರುತ್ತದೆ. ಮುಂದಿನ ವರ್ಷ ಲಸಿಕೆ ಹಂಚುವಾಗ ಆ ಸೀಮೆ ಹಿಂದೆ ಬೀಳುತ್ತದೆ. ಮಾರಿದ ದನ ಇನ್ನೊಂದು ಊರಿನಲ್ಲಿ ನಾಲ್ಕಕ್ಕೆ ಬೇನೆ ಹಚ್ಚಿರುತ್ತದೆ. 2009ರ ಜಾನುವಾರು ಸಾಂಕ್ರಾಮಿಕ ರೋಗ ತಡೆ ಕಾಯಿದೆಯಂತೆ ಇಂಥ ಬೇನೆ ಕಂಡಾಗ ತಿಳಿಸುವುದು, ದನವನ್ನು ಬೇರೆ ಕಟ್ಟುವುದು ಒಡೆಯನ ಕರ್ತವ್ಯವೂ ಹೌದು.

ರೈತರು ಗಮನಿಸಬೇಕಾದದ್ದು

ಲಸಿಕೆಯ ದಿನ ದನಗಳನ್ನು ಅಡವಿಗೆ ಬಿಡದೆ ಮನೆಯಲ್ಲೇ ಕಟ್ಟಬೇಕು. ಕರು, ಮುದಿ ಎತ್ತು, ಬರಡು ಆಕಳು ಯಾವುದನ್ನೂ ಬಿಡಬಾರದು, ಬೇನೆಯ ಲೆಕ್ಕದಲ್ಲಿ ಅವೂ ಒಂದೊಂದು ತಲೆಯೇ. ಲಸಿಕೆಗೆ ಎರಡು ಮೂರು ವಾರ ಮೊದಲು ಜಂತಿನ ಔಷಧಿ ಕೊಡಿಸಿದರೆ ಒಳ್ಳೆಯದು.

ಸಂತೆಯಿಂದ, ಜಾತ್ರೆಯಿಂದ ತಂದ ದನವನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ಬಕೀಟಿನಲ್ಲಿ ನೀರು ಕುಡಿಸಬೇಕು. ಕಾಲುಬಾಯಿ ಬೇನೆ ತಗಲಿದ ಮೇಲೆ ಲಕ್ಷಣ ಕಾಣಲು ಎರಡರಿಂದ 14 ದಿನ ಹಿಡಿಯಬಹುದು, ಕಾಣುವ ಮೊದಲೇ ಹಾಲಿನಲ್ಲಿ ವೈರಸ್ ಇರುವುದೂ ಉಂಟು.

ಬೇನೆ ಕಂಡರೆ ಅಂದೇ ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ದೂರವಾಣಿ ಮಾಡಬೇಕು. ಬೇನೆಯ ದನವನ್ನು ಊರ ಕೆರೆಗೆ, ಗಾಂವಠಾಣಿಗೆ ಹೊಡೆಯಬಾರದು. ಅದರ ಹಾಲನ್ನು ಕರುವಿಗೆ ಕುಡಿಯಬಿಡಬಾರದು. ಮೊದಲು ಒಳ್ಳೆಯ ದನಗಳ ಕೆಲಸ ಮುಗಿಸಿ, ಕೊನೆಗೆ ಬೇನೆಯ ದನವನ್ನು ನೋಡಿ ಕೈಕಾಲು ತೊಳೆಯಬೇಕು. ಒಂದು ಲೀಟರ್ ನೀರಿಗೆ 40 ಗ್ರಾಂ ಬಟ್ಟೆ ತೊಳೆಯುವ ಸೋಡಾ ಕರಗಿಸಿ ನೆಲ, ಗೋದಲೆಗಳನ್ನು ತೊಳೆದರೆ ಕಾಲುಬಾಯಿ ವೈರಸ್ ಸಾಯುತ್ತದೆ. ಅಡುಗೆ ಸೋಡಾ ಇದಕ್ಕೆ ಆಗದು.

ಊರಿನಲ್ಲಿ ಎಷ್ಟು ದನಗಳಿವೆ, ಎಷ್ಟಕ್ಕೆ ಸೂಜಿ ಬಿದ್ದಿದೆ ಎಂಬುದನ್ನು ಹಾಲು ಸಂಘದವರೋ ಪಂಚಾಯತಿಯವರೋ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದರೆ ಉಳಿದ ಮನೆಗಳು ಯಾವುವೆಂದು ಎಲ್ಲರಿಗೂ ತಿಳಿಯುತ್ತದೆ. ಹೆಚ್ಚಿನ ವಿವರಕ್ಕೆ ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರನ್ನೂ ಕೇಳಬಹುದು.

ಇದೆಲ್ಲ ಆಗುವ ಹೋಗುವ ಮಾತೇ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಫಾರ್ ಅವರು 1866ರಲ್ಲಿ ಎಣಿಸಿದ ಅದೇ ದೊಡ್ಡರೋಗ ನಮ್ಮ ಅಜ್ಜಂದಿರ ಕಾಲದಲ್ಲಿ ಹಟ್ಟಿಹಟ್ಟಿಗಳನ್ನೇ ಖಾಲಿ ಮಾಡುತ್ತಿತ್ತು. 1954ರಿಂದ ದೇಶದಲ್ಲಿ ಅದರ ವಿರುದ್ಧ ಲಸಿಕೆಯ ಕಾರ್ಯಕ್ರಮ ನಡೆಯಿತು. ಬಹುಪಾಲು ದನಗಳಿಗೆ ಸೂಜಿ ಹಾಕಿದ ಮೇಲೂ ಉಳಿದುಕೊಂಡ ಬೇನೆಯ ಗೂಡುಗಳನ್ನು ಊರೂರು ಹುಡುಕಿ ಮುಗಿಸಬೇಕಾಯಿತು. ಭಾರತದಲ್ಲಿ ಅದು ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ಅಳಿಯಿತೆಂದು ಸಾರಲಾಯಿತು. ಇಂದು ಇಪ್ಪತ್ತರ ಹರೆಯದ ರೈತರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಕಾಲುಬಾಯಿ ಬೇನೆಗೆ ಹಲವು ಜಾತಿಯ ವೈರಸ್ಸುಗಳಿವೆ, ಲಸಿಕೆಯ ಬಲ ಬೇಗ ಇಳಿಯುತ್ತದೆ, ಆದ್ದರಿಂದ ಕೆಲಸ ಇನ್ನೂ ಕಷ್ಟದ್ದು. ಆದ್ದರಿಂದಲೇ ಮುಂದಿನ ಸಲ ಲಸಿಕೆಯವರು ಬಂದಾಗ ನಮ್ಮ ದನಗಳ ಜೊತೆಗೆ ಪಕ್ಕದ ಮನೆಯವರ ದನಗಳನ್ನೂ ಕೊಟ್ಟಿಗೆಯಲ್ಲೇ ಕಟ್ಟಿಸಿ ನಿಲ್ಲಿಸಬೇಕು.